ಓದುಗರ ಪ್ರಶ್ನೆ: ಸಣ್ಣ ನಗರದ ತಿಂಗಳ ಲೆಕ್ಕವನ್ನು ಓದುವ ಬಗೆ

ಸಣ್ಣ ನಗರಗಳ ಆಡಳಿತ ಪ್ರತಿ ತಿಂಗಳೂ ಸಭೆಯ ಮುಂದಿಡುವ ಇಲಾಖಾವಾರು ಕಾರ್ಯವರದಿ ಮತ್ತು ಜಮಾ-ಖರ್ಚಿನ ತಖ್ತೆಗಳ ಬಗ್ಗೆ ಓದುಗರಿಂದ ಹಲವು ಪತ್ರಗಳು ಬಂದಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ. ಪತ್ರ ಬರೆದವರಲ್ಲಿ ಚುನಾಯಿತ ಸದಸ್ಯರೂ ಕಚೇರಿಯ ಸಿಬ್ಬಂದಿಯೂ ಇರುವುದರಿಂದ ಯಾರ ಹೆಸರನ್ನೂ ಊರನ್ನೂ ಪ್ರಕಟಿಸಿಲ್ಲ.

ಪ್ರಶ್ನೆ: ನಾನು ಮೊದಲ ಬಾರಿಗೆ ಆಯ್ಕೆಯಾದ ಸದಸ್ಯ. ಸಭೆಯ ಹಿಂದಿನ ಸಂಜೆ ನಲವತ್ತು ಪುಟಗಳ ಮಾಸಿಕ ವರದಿ ಕೈಸೇರುತ್ತದೆ. ಎಲ್ಲಿಂದ ಓದಲು ತೊಡಗಬೇಕೆಂದೇ ತಿಳಿಯುವುದಿಲ್ಲ.

ಉತ್ತರ: ಆ ನಲವತ್ತು ಪುಟಗಳಲ್ಲಿ ಸಾಮಾನ್ಯವಾಗಿ ಎರಡು ಬೇರೆ ಬೇರೆ ವರದಿಗಳು ಒಂದೇ ದಾರದಲ್ಲಿ ಹೊಲಿಯಲ್ಪಟ್ಟಿರುತ್ತವೆ. ಒಂದು ಲೆಕ್ಕ ಶಾಖೆಯದು. ಅದರಲ್ಲಿ ಪ್ರತಿ ಲೆಕ್ಕಶೀರ್ಷಿಕೆಯ ಎದುರಿಗೆ ವರ್ಷದ ಅಂದಾಜು, ಈ ತಿಂಗಳ ಮೊತ್ತ, ವರ್ಷದ ಆರಂಭದಿಂದ ಈವರೆಗಿನ ಮೊತ್ತ ಮತ್ತು ಉಳಿಕೆ ಎಂಬ ನಾಲ್ಕು ಅಂಕಣಗಳಿರುತ್ತವೆ. ಇನ್ನೊಂದು ಇಲಾಖೆಗಳದು. ಎಷ್ಟು ನೀರು ಹರಿಯಿತು, ಎಷ್ಟು ಕಸ ಸಾಗಿತು, ಎಷ್ಟು ಗುಂಡಿ ಮುಚ್ಚಿತು, ಎಷ್ಟು ಪರವಾನಗಿ ನೀಡಲಾಯಿತು ಎಂಬುದನ್ನು ಅದು ಹೇಳುತ್ತದೆ. ಇವೆರಡನ್ನೂ ಸಿದ್ಧಪಡಿಸುವವರು ಬೇರೆ ಬೇರೆ ಮೇಜಿನವರು, ಅನೇಕ ಕಡೆ ಒಬ್ಬರ ಪುಟವನ್ನು ಇನ್ನೊಬ್ಬರು ಓದಿಯೂ ಇರುವುದಿಲ್ಲ. ಆದುದರಿಂದ ವರದಿಯ ಹೊಲಿಗೆಯನ್ನು ಬಿಚ್ಚಿ, ಒಂದೊಂದು ಇಲಾಖೆಯ ಖರ್ಚಿನ ಪುಟದ ಪಕ್ಕದಲ್ಲಿ ಅದೇ ಇಲಾಖೆಯ ಕೆಲಸದ ಪುಟವನ್ನಿಟ್ಟು ಓದಬೇಕು. ಡಾಂಬರಿಗೆ ವರ್ಷದ ಅಂದಾಜಿನ ಮುಕ್ಕಾಲು ಪಾಲು ಖರ್ಚಾಗಿದ್ದು, ತೇಪೆ ಹಾಕಿದ ರಸ್ತೆಯ ವಿಸ್ತೀರ್ಣ ಕಳೆದ ವರ್ಷದ ಅರ್ಧವೂ ಇಲ್ಲದಿದ್ದರೆ ಕೇಳಬೇಕಾದ ಪ್ರಶ್ನೆ ತಾನಾಗಿಯೇ ಎದ್ದು ನಿಲ್ಲುತ್ತದೆ. ಅದಕ್ಕೆ ನ್ಯಾಯವಾದ ಉತ್ತರವೂ ಇರಬಹುದು: ಡಾಂಬರಿನ ದರ ಏರಿರಬಹುದು, ವರ್ಷಕ್ಕೆ ಬೇಕಾದ ದಾಸ್ತಾನನ್ನು ಒಮ್ಮೆಗೇ ಕೊಂಡಿರಬಹುದು. ಎರಡನ್ನೂ ಜೋಡಿಸಿ ಓದದವರಿಗೆ ಆ ಪ್ರಶ್ನೆಯೇ ಹುಟ್ಟುವುದಿಲ್ಲ. ನಲವತ್ತು ಪುಟಗಳಿಗೂ ಸಮಯವಿಲ್ಲದಿದ್ದರೆ ಎಲ್ಲಕ್ಕಿಂತ ಮೊದಲು ಬ್ಯಾಂಕ್ ಹೊಂದಾಣಿಕೆಯ ಪುಟವನ್ನು, ಎಂದರೆ ನಗದು ಪುಸ್ತಕವನ್ನು ಬ್ಯಾಂಕಿನ ಪಟ್ಟಿಯೊಡನೆ ತಾಳೆ ನೋಡಿದ ಪುಟವನ್ನು ಓದಿರಿ, ಅದು ಇಲ್ಲದಿದ್ದರೆ ಅದನ್ನೇ ಕೇಳಿರಿ. ಕಾರಣವನ್ನು ಮುಂದೆ ಬೇರೊಂದು ಪ್ರಶ್ನೆಗೆ ಉತ್ತರಿಸುವಾಗ ವಿವರಿಸಿದ್ದೇನೆ.

ಪ್ರಶ್ನೆ: ನಮ್ಮ ನಗರದ ಆರ್ಥಿಕ ವರ್ಷದ ಏಳು ತಿಂಗಳು ಕಳೆದಿವೆ. ಖರ್ಚು ಅಂದಾಜಿನ ಶೇಕಡಾ 61 ಆಗಿದೆ, ಆದಾಯ ಮಾತ್ರ ಶೇಕಡಾ 34. ನಗರ ದಿವಾಳಿಯತ್ತ ಸಾಗಿದೆಯೇ?

ಉತ್ತರ: ಈ ಎರಡು ಅಂಕಿಗಳಿಂದ ಹಾಗೆ ಹೇಳಲಾಗದು. ಹನ್ನೆರಡರಲ್ಲಿ ಏಳು ಎಂದರೆ ಶೇಕಡಾ 58.3. ಇದನ್ನೇ ಅಳತೆಗೋಲಾಗಿ ಹಿಡಿದರೆ ಖರ್ಚು ತುಸು ಮುಂದಿದೆ, ಆದಾಯ ಬಹಳ ಹಿಂದಿದೆ ಎಂದು ತೋರುತ್ತದೆ. ಆದರೆ ನಗರದ ಹಣ ತಿಂಗಳಿಗೆ ಹನ್ನೆರಡನೆಯ ಒಂದು ಪಾಲಿನಂತೆ ಸಮವಾಗಿ ಬರುವುದೂ ಇಲ್ಲ, ಹೋಗುವುದೂ ಇಲ್ಲ. ಆಸ್ತಿ ತೆರಿಗೆಯ ಬಹುಪಾಲು ಕಂತಿನ ಗಡುವು ಇರುವ ಒಂದೆರಡು ತಿಂಗಳುಗಳಲ್ಲಿ ಬಂದು ಬೀಳುತ್ತದೆ. ಮೇಲಿನ ಸರ್ಕಾರದ ಅನುದಾನ ಆದೇಶ ಹೊರಟಾಗ ಬರುತ್ತದೆ. ವಾಹನ ಮತ್ತು ಕಟ್ಟಡಗಳ ವಿಮೆಯನ್ನು ವರ್ಷಕ್ಕೊಮ್ಮೆ ಇಡಿಯಾಗಿ ಕಟ್ಟಬೇಕಾಗುತ್ತದೆ. ಎರಡು ವಾರಕ್ಕೊಮ್ಮೆ ಸಂಬಳ ಕೊಡುವ ನಗರಗಳಲ್ಲಿ ವರ್ಷಕ್ಕೆ 26 ಬಟವಾಡೆಗಳಿರುವುದರಿಂದ ಎರಡು ತಿಂಗಳುಗಳಲ್ಲಿ ಮೂರು ಮೂರು ಬಟವಾಡೆ ಬೀಳುತ್ತವೆ. ಆ ತಿಂಗಳುಗಳಲ್ಲಿ ಸಂಬಳದ ಖರ್ಚು ಒಂದೂವರೆ ಪಟ್ಟು ಕಾಣುವುದನ್ನು ನೋಡಿ ಗಾಬರಿಪಟ್ಟ ಸದಸ್ಯರೂ, ನೇಮಕಾತಿ ನಿಲ್ಲಿಸಬೇಕೆಂದು ಠರಾವು ತಂದ ಸದಸ್ಯರೂ ಇದ್ದಾರು. ಆದುದರಿಂದ ಏಳನೆಯ ತಿಂಗಳನ್ನು ಹೋಲಿಸಬೇಕಾದುದು ಹಿಂದಿನ ಮೂರು ವರ್ಷಗಳ ಏಳನೆಯ ತಿಂಗಳೊಡನೆ. ಆಗಲೂ ಆದಾಯ ಇದೇ ಮಟ್ಟದಲ್ಲಿದ್ದು ವರ್ಷದ ಕೊನೆಗೆ ಅಂದಾಜು ಮುಟ್ಟಿದ್ದರೆ, ಈಗ ಕಾಣುವುದು ಋತುಮಾನದ ಇಳಿತ ಮಾತ್ರ.

ನಿಜವಾದ ಅಪಾಯದ ಗುರುತುಗಳು ಬೇರೆಡೆ ಇರುತ್ತವೆ. ಮೊದಲನೆಯದು, ಪಾವತಿಯಾಗದ ಬಿಲ್ಲುಗಳ ವಯಸ್ಸು. ಸರಬರಾಜುದಾರರ ಬಿಲ್ಲುಗಳಲ್ಲಿ 30 ದಿನ ದಾಟಿದವು ಎಷ್ಟು, 60 ದಿನ, 90 ದಿನ ದಾಟಿದವು ಎಷ್ಟು ಎಂಬ ಪಟ್ಟಿ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ, ಖರ್ಚಿನ ಅಂಕಣ ಎಷ್ಟೇ ಅಚ್ಚುಕಟ್ಟಾಗಿ ಕಂಡರೂ ಅದನ್ನು ನಂಬುವಂತಿಲ್ಲ. ನಗದು ಲೆಕ್ಕದ ಪದ್ಧತಿಯಲ್ಲಿ ಹಣ ಕೊಡದಿರುವವರೆಗೆ ಖರ್ಚು ಎಂಬುದೇ ದಾಖಲಾಗುವುದಿಲ್ಲ, ಬಿಲ್ಲು ಮೇಜಿನ ಖಾನೆಯಲ್ಲಿ ಮಲಗಿರುತ್ತದೆ. ಎರಡನೆಯದು, ಕಾರ್ಯಾದೇಶ ಕೊಟ್ಟು ಇನ್ನೂ ಬಿಲ್ಲು ಬಾರದ ಕಾಮಗಾರಿಗಳು. ಈ ಮೊತ್ತವನ್ನು ಕಾಯ್ದಿರಿಸಿದ ಹಣ ಎಂದು ಬೇರೆ ಅಂಕಣದಲ್ಲಿ ತೋರಿಸದಿದ್ದರೆ ಉಳಿಕೆ ಎಂದು ಕಾಣುವ ಹಣದಲ್ಲಿ ಒಂದಷ್ಟು ಆಗಲೇ ಯಾರಿಗೋ ಸಲ್ಲಬೇಕಾದದ್ದಾಗಿರುತ್ತದೆ. ಮೂರನೆಯದು, ದಿನನಿತ್ಯದ ಖರ್ಚಿಗಾಗಿ ಎತ್ತಿದ ಅಲ್ಪಾವಧಿ ಸಾಲ. ತೆರಿಗೆ ಬರುವ ಮುನ್ನ ಎತ್ತಿ, ಬಂದ ಕೂಡಲೇ ತೀರಿಸಿದರೆ ಅದು ಸಹಜ. ಹಳೆಯದನ್ನು ತೀರಿಸಲು ಹೊಸದನ್ನು ಎತ್ತುವ ಹಂತ ಬಂದಿದ್ದರೆ ಸಹಜವಲ್ಲ.

ಆಪತ್ಕಾಲಕ್ಕೆ ಎಷ್ಟು ಹಣ ಇಟ್ಟುಕೊಳ್ಳಬೇಕೆಂದೂ ತಾವು ಕೇಳಿದ್ದೀರಿ. ಅಮೆರಿಕ ಮತ್ತು ಕೆನಡಾದ ಸರ್ಕಾರಿ ಹಣಕಾಸು ಅಧಿಕಾರಿಗಳ ಸಂಘವು ಸಾಮಾನ್ಯ ನಿಧಿಯ ಕನಿಷ್ಠ ಎರಡು ತಿಂಗಳ ಆದಾಯದಷ್ಟು ಅಥವಾ ಖರ್ಚಿನಷ್ಟು ಹಣ ಯಾವ ನಿರ್ಬಂಧವೂ ಇಲ್ಲದೆ ಉಳಿದಿರಬೇಕೆಂದು ಶಿಫಾರಸು ಮಾಡುತ್ತದೆ. ಒಂದೇ ಕಾರ್ಖಾನೆಯ ಅಥವಾ ಒಂದೇ ಮಾರುಕಟ್ಟೆಯ ತೆರಿಗೆಯನ್ನು ನೆಚ್ಚಿಕೊಂಡ ಸಣ್ಣ ನಗರಕ್ಕೆ ಅಷ್ಟೂ ಸಾಲದು ಎಂಬುದು ನನ್ನ ಎಣಿಕೆ.

ಪ್ರಶ್ನೆ: ಅಂದಾಜಿಗಿಂತ ಕಡಿಮೆ ಖರ್ಚು ಮಾಡಿದ ಇಲಾಖೆಯನ್ನು ಸಭೆಯಲ್ಲಿ ಅಭಿನಂದಿಸುವ ಪದ್ಧತಿ ನಮ್ಮಲ್ಲಿದೆ. ಅದು ಸರಿಯೇ?

ಉತ್ತರ: ಕೆಲಸದ ಪುಟವನ್ನು ನೋಡುವ ಮೊದಲು ಅಭಿನಂದಿಸುವುದು ಸರಿಯಲ್ಲ. ಉಳಿತಾಯದಲ್ಲಿ ಹಲವು ಜಾತಿಗಳಿವೆ. ಕೆಲಸ ಅಷ್ಟೇ ನಡೆದು ಖರ್ಚು ಇಳಿದಿದ್ದರೆ ಅದು ಉಳಿತಾಯ. ಹುದ್ದೆ ಖಾಲಿ ಬಿದ್ದು ಸಂಬಳದ ಹಣ ಉಳಿದಿದ್ದರೆ ಅದು ಕೊರತೆ, ಅದರ ನೆರಳು ಹೆಚ್ಚುವರಿ ಕೆಲಸದ ಭತ್ಯೆಯ ಶೀರ್ಷಿಕೆಯಲ್ಲಿ ಬಿದ್ದಿರುತ್ತದೆ. ನೀರಿನ ಪಂಪಿನ ನಿಗದಿತ ದುರಸ್ತಿಯನ್ನು ಮುಂದೂಡಿ ಉಳಿಸಿದ್ದರೆ ಅದು ಸಾಲ, ಪಂಪು ಕೆಟ್ಟ ದಿನ ಬಡ್ಡಿಸಮೇತ ವಸೂಲಾಗುತ್ತದೆ.

ಅಮೆರಿಕದ ಮಿಶಿಗನ್ ರಾಜ್ಯದ ಫ್ಲಿಂಟ್ ನಗರದ ಉದಾಹರಣೆ ಎಲ್ಲರಿಗೂ ಗೊತ್ತಿರುವಂಥದ್ದೇ. ಹಣಕಾಸಿನ ಸಂಕಷ್ಟದಿಂದಾಗಿ ರಾಜ್ಯವೇ ನೇಮಿಸಿದ ತುರ್ತು ಆಡಳಿತಾಧಿಕಾರಿಯ ಕಾಲದಲ್ಲಿ, ಡೆಟ್ರಾಯಿಟ್‌ನಿಂದ ಕೊಳ್ಳುತ್ತಿದ್ದ ನೀರನ್ನು ನಿಲ್ಲಿಸಿ, 2014ರ ಏಪ್ರಿಲ್‌ನಲ್ಲಿ ಫ್ಲಿಂಟ್ ನದಿಯ ನೀರನ್ನು ಶುದ್ಧೀಕರಿಸಿ ಕೊಡಲು ತೊಡಗಿದರು. ಉದ್ದೇಶ ವೆಚ್ಚ ತಗ್ಗಿಸುವುದಾಗಿತ್ತು. ಆದರೆ ಕೊಳವೆಗಳ ಸವೆತವನ್ನು ತಡೆಯುವ ರಾಸಾಯನಿಕವನ್ನು ಆ ನೀರಿಗೆ ಬೆರೆಸಲಿಲ್ಲ. ಹಳೆಯ ಸಂಪರ್ಕ ಕೊಳವೆಗಳ ಸೀಸ ಕರಗಿ ಮನೆಗಳ ನಲ್ಲಿಗೆ ಬಂತು. 2015ರ ಅಕ್ಟೋಬರ್‌ನಲ್ಲಿ ಮತ್ತೆ ಡೆಟ್ರಾಯಿಟ್ ನೀರಿಗೆ ಮರಳಿದರೂ, ಆಮೇಲೆ ಕೊಳವೆಗಳನ್ನು ಬದಲಿಸಲು ಮತ್ತು ಪರಿಹಾರಕ್ಕೆಂದು ವ್ಯಯವಾದ ಹಣದ ಮುಂದೆ ಉಳಿಸಲು ಹೊರಟ ಮೊತ್ತ ಏನೇನೂ ಅಲ್ಲ. ಆ ತಿಂಗಳುಗಳಲ್ಲಿ ನೀರಿನ ಬಣ್ಣ ಮತ್ತು ವಾಸನೆಯ ಬಗ್ಗೆ ಜನರು ದೂರುತ್ತಲೇ ಇದ್ದರು. ಖರ್ಚಿನ ಅಂಕಣದಲ್ಲಿ ಒಳ್ಳೆಯ ಸುದ್ದಿ ಬಂದಾಗ ದೂರುಗಳ ಅಂಕಣವನ್ನು ಎರಡು ಸಲ ಓದಬೇಕೆಂದು ನಾನು ಹೇಳುವುದು ಇದಕ್ಕಾಗಿ.

ಪ್ರಶ್ನೆ: ನೀರು ಸರಬರಾಜು ಶಾಖೆಯ ಪ್ರಕಾರ ಪಂಪು ಮಾಡಿದ ನೀರಿಗೂ ಬಿಲ್ಲು ಮಾಡಿದ ನೀರಿಗೂ ಶೇಕಡಾ 36ರಷ್ಟು ವ್ಯತ್ಯಾಸವಿದೆ. ಇಂಜಿನಿಯರರು ಸೋರಿಕೆ ಎನ್ನುತ್ತಾರೆ, ಲೆಕ್ಕ ಶಾಖೆಯವರು ಮೀಟರಿನ ದೋಷ ಎನ್ನುತ್ತಾರೆ. ಯಾರ ಮಾತನ್ನು ನಂಬುವುದು?

ಉತ್ತರ: ಇಬ್ಬರ ಮಾತೂ ಅರೆ ನಿಜವಾಗಿರುವ ಸಂಭವವೇ ಹೆಚ್ಚು. ಆದಾಯ ತಾರದ ನೀರು ಎಂದು ಈಗ ಜಗತ್ತಿನಾದ್ಯಂತ ಕರೆಯುವ ಈ ವ್ಯತ್ಯಾಸವನ್ನು ಅಂತರರಾಷ್ಟ್ರೀಯ ಜಲ ಸಂಘವು 2000ದ ಸುಮಾರಿಗೆ ರೂಪಿಸಿದ ಜಲತಖ್ತೆಯಲ್ಲಿ ಮೂರು ಭಾಗ ಮಾಡಿ ನೋಡುತ್ತಾರೆ. ಮೊದಲನೆಯದು, ಅನುಮತಿಯಿಂದಲೇ ಬಳಸಿದರೂ ಬಿಲ್ಲು ಮಾಡದ ನೀರು. ಬೆಂಕಿ ಆರಿಸಲು, ಕೊಳವೆಮಾರ್ಗ ತೊಳೆಯಲು, ಸಾರ್ವಜನಿಕ ನಲ್ಲಿಗಳಿಗೆ ಹೋದದ್ದು ಇದಕ್ಕೆ ಸೇರುತ್ತದೆ. ಎರಡನೆಯದು ತೋರಿಕೆಯ ನಷ್ಟ. ನೀರು ಗ್ರಾಹಕರಿಗೆ ಮುಟ್ಟಿದೆ, ಹಣ ಮಾತ್ರ ಬಂದಿಲ್ಲ. ಅನಧಿಕೃತ ಸಂಪರ್ಕ, ಓದಿನ ತಪ್ಪು, ಬಿಲ್ಲಿನ ತಪ್ಪು, ಹಾಗೂ ವಯಸ್ಸಾದ ಮೀಟರು ಇದರ ಕಾರಣಗಳು. ಯಾಂತ್ರಿಕ ಮೀಟರು ಸವೆದಂತೆಲ್ಲ ಹರಿದದ್ದಕ್ಕಿಂತ ಕಡಿಮೆಯನ್ನೇ ತೋರಿಸುತ್ತದೆ, ಸಣ್ಣ ಹರಿವನ್ನಂತೂ ಗಮನಿಸುವುದೇ ಇಲ್ಲ. ಮೂರನೆಯದು ನಿಜ ನಷ್ಟ, ಎಂದರೆ ಕೊಳವೆ ಒಡೆದು, ಜೋಡಣೆಯಲ್ಲಿ ಜಿನುಗಿ, ಮೇಲ್ತೊಟ್ಟಿ ತುಂಬಿ ಚೆಲ್ಲಿ ಮಣ್ಣಿಗೆ ಹೋದದ್ದು.

ಇದರಲ್ಲಿ ಯಾವುದು ಎಷ್ಟು ಎಂಬುದನ್ನು ವಾದದಿಂದ ತೀರ್ಮಾನಿಸಬೇಕಾಗಿಲ್ಲ. ರಾತ್ರಿ ಎರಡರಿಂದ ನಾಲ್ಕು ಗಂಟೆಯ ಹೊತ್ತಿನಲ್ಲಿ, ಇಪ್ಪತ್ನಾಲ್ಕು ಗಂಟೆಯೂ ನೀರಿರುವ ಒಂದು ಬಡಾವಣೆಗೆ ಹೋಗುವ ಮುಖ್ಯ ಕೊಳವೆಯ ಹರಿವನ್ನು ಅಳೆದರೆ, ಊರೆಲ್ಲ ಮಲಗಿರುವಾಗಲೂ ಹರಿಯುತ್ತಿರುವ ನೀರಿನಲ್ಲಿ ಬಹುಪಾಲು ಸೋರಿಕೆಯೇ ಆಗಿರುತ್ತದೆ. ಅದೇ ರೀತಿ ಹಳೆಯ ಮೀಟರುಗಳಲ್ಲಿ ಕೆಲವನ್ನು ಬಿಚ್ಚಿ ಪರೀಕ್ಷಾ ಮೇಜಿನ ಮೇಲೆ ಗೊತ್ತಾದ ಅಳತೆಯ ನೀರು ಹರಿಸಿ ನೋಡಿದರೆ ಅವು ಎಷ್ಟು ನುಂಗುತ್ತಿವೆ ಎಂಬುದು ತಿಳಿಯುತ್ತದೆ. ಇವೆರಡಕ್ಕೂ ದೊಡ್ಡ ಖರ್ಚಿಲ್ಲ.

ಇಂಜಿನಿಯರರೂ ಲೆಕ್ಕ ಶಾಖೆಯವರೂ ಒಬ್ಬರೊಬ್ಬರನ್ನು ಒಪ್ಪದಿರುವುದಕ್ಕೆ ಇನ್ನೊಂದು ಕಾರಣವುಂಟು, ಅದನ್ನು ಸಭೆಗಳಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸೋರಿದ ಒಂದು ಘನಮೀಟರ್ ನೀರಿನ ಬೆಲೆ ಅದನ್ನು ಎತ್ತಿ ಶುದ್ಧೀಕರಿಸಲು ತಗುಲಿದ ವಿದ್ಯುತ್ತು ಮತ್ತು ರಾಸಾಯನಿಕಗಳಷ್ಟು. ಮೀಟರು ನುಂಗಿದ ಒಂದು ಘನಮೀಟರ್ ನೀರಿನ ಬೆಲೆಯಾದರೋ ಗ್ರಾಹಕರು ಕಟ್ಟಬೇಕಾಗಿದ್ದ ಪೂರ್ತಿ ದರದಷ್ಟು. ಹೀಗಾಗಿ ನೀರಿನ ಲೆಕ್ಕದಲ್ಲಿ ಸೋರಿಕೆ ದೊಡ್ಡದಾಗಿ ಕಂಡರೂ ಹಣದ ಲೆಕ್ಕದಲ್ಲಿ ಮೀಟರು ದೊಡ್ಡದಾಗಬಹುದು. ನೀರೇ ಸಾಲದ ಊರಿನಲ್ಲಿ ಸೋರಿಕೆಯನ್ನು ಮೊದಲು ಹಿಡಿಯಬೇಕು, ನೀರು ಸಾಕಷ್ಟಿದ್ದು ಹಣ ಸಾಲದ ಊರಿನಲ್ಲಿ ಮೀಟರನ್ನು.

ಶೇಕಡಾ 36 ಎಂಬ ಅಂಕಿಯ ಬಗ್ಗೆಯೂ ಒಂದು ಎಚ್ಚರಿಕೆ. ಪಂಪಿನ ಲೆಕ್ಕ ತಿಂಗಳ ಮೊದಲ ದಿನದಿಂದ ಕೊನೆಯ ದಿನದವರೆಗಿನದು. ಮೀಟರು ಓದುವವರು ಇಡೀ ಊರನ್ನು ಸುತ್ತಿ ಮುಗಿಸಲು ಎರಡು ಮೂರು ವಾರ ಬೇಕಾಗುವುದರಿಂದ ಬಿಲ್ಲಿನ ಲೆಕ್ಕ ಬೇರೆ ಬೇರೆ ತಾರೀಖುಗಳದು. 28 ದಿನಗಳ ಫೆಬ್ರವರಿಯ ಪಂಪಿನ ನೀರನ್ನು ಜನವರಿಯ ದಿನಗಳೂ ಸೇರಿರುವ ಬಿಲ್ಲಿನೊಡನೆ ಹೋಲಿಸಿದರೆ ನಷ್ಟ ಇಳಿದಂತೆ ಕಾಣುತ್ತದೆ, ಮಾರ್ಚಿನಲ್ಲಿ ಮತ್ತೆ ಏರುತ್ತದೆ. ಯಾರದೂ ತಪ್ಪಿಲ್ಲ, ಯಾರ ಸಾಧನೆಯೂ ಇಲ್ಲ. ಹಿಂದಿನ ಹನ್ನೆರಡು ತಿಂಗಳ ಒಟ್ಟು ಮೊತ್ತವನ್ನು ಪ್ರತಿ ತಿಂಗಳೂ ಮುಂದಕ್ಕೆ ಸರಿಸುತ್ತ ಹೋಲಿಸಿದರೆ ಈ ಕುಣಿತ ನಿಲ್ಲುತ್ತದೆ. ಮಳೆಗಾಲದಲ್ಲಿ ಜನರು ನೀರು ಬಳಸುವುದು ಕಡಿಮೆಯಾದಾಗ, ಸೋರಿಕೆ ಒಂದು ಹನಿಯೂ ಹೆಚ್ಚದಿದ್ದರೂ ಅದರ ಶೇಕಡಾವಾರು ಏರುತ್ತದೆ. ಆದುದರಿಂದಲೇ ತಜ್ಞರು ನಿಜ ನಷ್ಟವನ್ನು ಶೇಕಡಾವಾರಿನ ಬದಲು ಒಂದು ಸಂಪರ್ಕಕ್ಕೆ ದಿನಕ್ಕೆ ಇಷ್ಟು ಲೀಟರು ಎಂದು ಹೇಳಬೇಕೆನ್ನುತ್ತಾರೆ. ವರದಿಯಲ್ಲಿ ಒಂದು ಸಾಲು ಹೆಚ್ಚಿಸಲು ಅವಕಾಶವಿದ್ದರೆ, ಒಂದು ಘನಮೀಟರ್ ನೀರೆತ್ತಲು ಎಷ್ಟು ಯೂನಿಟ್ ವಿದ್ಯುತ್ ಬೇಕಾಯಿತು ಎಂಬುದನ್ನೂ ಸೇರಿಸಿ. ಎತ್ತುವ ಎತ್ತರ ಬದಲಾಗದೆ ಈ ಅಂಕಿ ತಿಂಗಳಿಂದ ತಿಂಗಳಿಗೆ ಏರುತ್ತಿದ್ದರೆ, ಲಾಗ್ ಬುಕ್ಕಿನಲ್ಲಿ ಎಲ್ಲವೂ ಸರಿಯಿದೆ ಎಂದು ಬರೆದಿದ್ದರೂ ಪಂಪಿನೊಳಗೆ ತಿರುಗಿ ನೀರನ್ನು ತಳ್ಳುವ ಗಾಲಿ ಸವೆದಿದೆಯೆಂದೋ ಕೊಳವೆ ಕಟ್ಟಿಕೊಂಡಿದೆಯೆಂದೋ ತಿಳಿಯಬೇಕು.

ಪ್ರಶ್ನೆ: ನಮ್ಮ ಲೆಕ್ಕಾಧಿಕಾರಿ ಇಪ್ಪತ್ತು ವರ್ಷಗಳಿಂದ ಒಂದು ದಿನವೂ ರಜೆ ಹಾಕದೆ ದುಡಿಯುತ್ತಿರುವ ನಿಷ್ಠಾವಂತರು. ಪ್ರತಿ ವರ್ಷ ಲೆಕ್ಕಪರಿಶೋಧನೆಯೂ ಆಗುತ್ತದೆ. ಹೀಗಿರುವಾಗ ಪ್ರತಿ ತಿಂಗಳು ಬ್ಯಾಂಕ್ ಹೊಂದಾಣಿಕೆಯನ್ನು ಸಭೆಗೆ ತರಬೇಕೆನ್ನುವುದು ಅವರನ್ನು ಅವಮಾನಿಸಿದಂತಲ್ಲವೇ?

ಉತ್ತರ: ತಮ್ಮ ಅಧಿಕಾರಿಯ ಪ್ರಾಮಾಣಿಕತೆಯ ಬಗ್ಗೆ ನನಗೆ ಯಾವ ಸಂಶಯವೂ ಇಲ್ಲ. ಆದರೆ ತಾವು ಹೊಗಳಿಕೆಯಾಗಿ ಬರೆದ ಎರಡು ಸಂಗತಿಗಳು, ಎಂದರೆ ಇಪ್ಪತ್ತು ವರ್ಷಗಳಿಂದ ಒಬ್ಬರೇ ಇರುವುದು ಮತ್ತು ರಜೆಯನ್ನೇ ಹಾಕದಿರುವುದು, ಲೆಕ್ಕಪರಿಶೋಧಕರು ಎಚ್ಚರಿಕೆಯ ಪಟ್ಟಿಯಲ್ಲಿ ಮೊದಲಿಗೆ ಬರೆದುಕೊಳ್ಳುವ ಸಂಗತಿಗಳು.

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಡಿಕ್ಸನ್ ಎಂಬ ನಗರವಿದೆ. ಜನಸಂಖ್ಯೆ ಹದಿನೈದು ಹದಿನಾರು ಸಾವಿರ. ಅಲ್ಲಿ ಬಹುಕಾಲ ಸೇವೆಯಲ್ಲಿದ್ದು ಎಲ್ಲರ ವಿಶ್ವಾಸಕ್ಕೆ ಪಾತ್ರರಾಗಿದ್ದ ಹಣಕಾಸು ಅಧಿಕಾರಿಯೇ ಖಜಾಂಚಿಯೂ ಆಗಿದ್ದರು. ಬ್ಯಾಂಕಿನ ಪತ್ರಗಳು ಅವರ ಕೈಗೇ ಬರುತ್ತಿದ್ದವು, ಚೆಕ್ಕು ಬರೆಯುವವರೂ ಅವರೇ, ಸಭೆಗೆ ಲೆಕ್ಕ ಒಪ್ಪಿಸುವವರೂ ಅವರೇ. 1990ರ ಡಿಸೆಂಬರ್‌ನಲ್ಲಿ ಅವರು ನಗರದ ಹೆಸರಿನಲ್ಲಿಯೇ, ಒಳಚರಂಡಿಗೆ ಸಂಬಂಧಿಸಿದ ಮೀಸಲು ನಿಧಿಯಂತೆ ತೋರುವ ಒಂದು ಖಾತೆಯನ್ನು ಗುಟ್ಟಾಗಿ ತೆರೆದರು. ನಗರದ ಹಣವನ್ನು ಆ ಖಾತೆಗೆ ತಿರುಗಿಸಿ, ಅದಕ್ಕೆ ಆಧಾರವಾಗಿ ರಾಜ್ಯ ಸರ್ಕಾರಕ್ಕೆ ಸಲ್ಲಬೇಕಾದದ್ದು ಎಂಬಂತೆ ಸುಳ್ಳು ಬಿಲ್ಲುಗಳನ್ನು ಸೃಷ್ಟಿಸಿದರು. ಹಣ ಸಾಲುತ್ತಿಲ್ಲವೇಕೆಂದು ಕೇಳಿದವರಿಗೆ ರಾಜ್ಯದಿಂದ ಬರಬೇಕಾದ ಪಾಲು ತಡವಾಗಿದೆ ಎಂಬ ಉತ್ತರ ಸಿಗುತ್ತಿತ್ತು. ಆ ಉತ್ತರ ಯಾವ ಊರಿನಲ್ಲಿಯೂ ನಂಬಿಕೆಗೆ ಅರ್ಹವಾಗಿಯೇ ಕೇಳಿಸುತ್ತದೆ! ಇಲಾಖೆಗಳು ಖರ್ಚು ಬಿಗಿಹಿಡಿದವು, ಬೀದಿಗಳ ದುರಸ್ತಿ ಮುಂದಕ್ಕೆ ಹೋಯಿತು. ಆ ಹಣದಿಂದ ಅವರು ಸಾಕುತ್ತಿದ್ದ ಪ್ರದರ್ಶನದ ಕುದುರೆಗಳ ಸಂಖ್ಯೆ ನಾನೂರರ ಆಸುಪಾಸಿಗೆ ಬೆಳೆಯಿತು.

ಇದು ಬಯಲಾದದ್ದು ಲೆಕ್ಕಪರಿಶೋಧನೆಯಿಂದಲ್ಲ. ಲೆಕ್ಕಪರಿಶೋಧನೆ ಪ್ರತಿ ವರ್ಷವೂ ನಡೆಯುತ್ತಲೇ ಇತ್ತು. 2011ರಲ್ಲಿ ಅವರು ದೀರ್ಘ ರಜೆಯ ಮೇಲೆ ಹೋದಾಗ, ಅವರ ಕೆಲಸವನ್ನು ತಾತ್ಕಾಲಿಕವಾಗಿ ನೋಡಿಕೊಳ್ಳುತ್ತಿದ್ದ ಗುಮಾಸ್ತೆಯೊಬ್ಬರು ತಿಂಗಳ ವರದಿ ಸಿದ್ಧಪಡಿಸಲೆಂದು ನಗರದ ಎಲ್ಲ ಖಾತೆಗಳ ವಿವರವನ್ನು ಕಳುಹಿಸುವಂತೆ ಬ್ಯಾಂಕಿಗೆ ಹೇಳಿದರು. ಬಂದ ಕಾಗದಗಳಲ್ಲಿ ಯಾರಿಗೂ ಗೊತ್ತಿಲ್ಲದ ಒಂದು ಖಾತೆ ಇತ್ತು. ಅವರು ಅದನ್ನು ಮೇಯರಿಗೆ ತೋರಿಸಿದರು, ಮೇಯರು ತನಿಖಾ ಸಂಸ್ಥೆಗೆ ತಿಳಿಸಿದರು. 2012ರ ಏಪ್ರಿಲ್‌ನಲ್ಲಿ ಬಂಧನವಾಯಿತು. ಇಪ್ಪತ್ತೆರಡು ವರ್ಷಗಳಲ್ಲಿ ಹೋದ ಹಣ 5 ಕೋಟಿ 37 ಲಕ್ಷ ಡಾಲರ್. 2013ರ ಫೆಬ್ರವರಿಯಲ್ಲಿ 19 ವರ್ಷ 7 ತಿಂಗಳ ಶಿಕ್ಷೆಯಾಯಿತು. ಅದೇ ವರ್ಷ ಲೆಕ್ಕಪರಿಶೋಧಕರು ಮತ್ತು ಬ್ಯಾಂಕು ಒಟ್ಟು 4 ಕೋಟಿ ಡಾಲರಿನಷ್ಟು ಹಣವನ್ನು ರಾಜಿಯಲ್ಲಿ ನಗರಕ್ಕೆ ಕೊಡಬೇಕಾಯಿತು.

ಬ್ಯಾಂಕ್ ಹೊಂದಾಣಿಕೆ ಎಂದರೆ ನಗದು ಪುಸ್ತಕದ ಅಂತಿಮ ಶಿಲ್ಕನ್ನು ಬ್ಯಾಂಕಿನ ಪಟ್ಟಿಯ ಶಿಲ್ಕಿನೊಡನೆ ಸಾಲುಸಾಲಾಗಿ ತಾಳೆ ನೋಡುವುದು, ಮತ್ತು ಬರೆದುಕೊಟ್ಟರೂ ನಗದಾಗದ ಚೆಕ್ಕು, ಜಮಾ ಮಾಡಿದರೂ ಬ್ಯಾಂಕಿನಲ್ಲಿ ಕಾಣದ ರಸೀದಿ ಮುಂತಾದ ವ್ಯತ್ಯಾಸಗಳಿಗೆ ಒಂದೊಂದಕ್ಕೂ ಕಾರಣ ಬರೆಯುವುದು. ಅದನ್ನು ಹಣ ಮುಟ್ಟದ ಇನ್ನೊಬ್ಬರು ಮಾಡಬೇಕು, ಬ್ಯಾಂಕಿನ ಪಟ್ಟಿ ನೇರವಾಗಿ ಅವರ ಕೈಗೇ ಬರಬೇಕು. ಸದಸ್ಯರಾದ ತಾವು ಆ ಪುಟದಲ್ಲಿ ನೋಡಬೇಕಾದುದು ಹೆಚ್ಚೇನಿಲ್ಲ: ಹೊಂದಾಣಿಕೆ ಮಾಡಿದ ತಾರೀಖು, ಆರು ತಿಂಗಳಿಗೂ ಹಳೆಯದಾದ ಬಗೆಹರಿಯದ ಬಾಬುಗಳು, ಮತ್ತು ನಗರದ ಹೆಸರಿನಲ್ಲಿರುವ ಎಲ್ಲ ಖಾತೆಗಳ ಪಟ್ಟಿ. ಕೊನೆಯದನ್ನು ವರ್ಷಕ್ಕೊಮ್ಮೆಯಾದರೂ ಬ್ಯಾಂಕಿನಿಂದಲೇ ಬರೆಸಿಕೊಳ್ಳಬೇಕು, ಕಚೇರಿಯಿಂದಲ್ಲ. ಇನ್ನು ಅವಮಾನದ ಮಾತು. ಈ ಏರ್ಪಾಡಿಲ್ಲದ ಕಚೇರಿಯಲ್ಲಿ ಒಂದು ರಸೀದಿ ಪುಸ್ತಕ ಕಳೆದರೂ ಮೊದಲ ಗುಮಾನಿ ಬೀಳುವುದು ಆ ನಿಷ್ಠಾವಂತರ ಮೇಲೆಯೇ, ಆಗ ಅವರ ಪರವಾಗಿ ಸಾಕ್ಷಿ ಹೇಳಲು ಒಂದು ಕಾಗದವೂ ಇರುವುದಿಲ್ಲ. ಅವರನ್ನು ಎರಡು ವಾರ ರಜೆಯ ಮೇಲೆ ಕಳುಹಿಸಿ. ಇಪ್ಪತ್ತು ವರ್ಷ ದುಡಿದವರಿಗೆ ಅದು ಸಲ್ಲಲೇಬೇಕಾದದ್ದು ಕೂಡ.

ಪ್ರಶ್ನೆ: ನೀರಿನ ನಿಧಿಯಲ್ಲಿ ಹಣ ಕೊಳೆಯುತ್ತಿದೆ, ರಸ್ತೆಗೆ ಹಣವಿಲ್ಲ. ಎಲ್ಲವೂ ನಗರದ್ದೇ ಹಣವಾಗಿರುವಾಗ ಈ ಗೋಡೆಗಳೇಕೆ?

ಉತ್ತರ: ನೀರಿನ ಶುಲ್ಕವನ್ನು ನೀರಿಗೆಂದೇ ಕೊಟ್ಟವರು ಇದ್ದಾರೆ, ಗೋಡೆ ಅವರಿಗಾಗಿ. ಜೊತೆಗೆ ಆ ನಿಧಿಯಲ್ಲಿ ಕಾಣುವ ಹಣವೆಲ್ಲ ಮಿಗುತಾಯವಲ್ಲ. ಅದರಲ್ಲಿ ಗ್ರಾಹಕರ ಠೇವಣಿ ಇರಬಹುದು, ಸಾಲದ ಕಂತಿಗೆ ಕಟ್ಟಿಟ್ಟದ್ದು ಇರಬಹುದು, ಐವತ್ತು ವರ್ಷ ಬಾಳುವ ಕೊಳವೆಯ ಸವಕಳಿಗೆಂದು ತೆಗೆದಿಟ್ಟದ್ದೂ ಇರಬಹುದು. ತುರ್ತಿಗೆ ಒಂದು ನಿಧಿಯಿಂದ ಇನ್ನೊಂದಕ್ಕೆ ಕೈಗಡ ಕೊಡುವುದು ಕಾನೂನು ಒಪ್ಪುವ ಕಡೆ ತಪ್ಪಲ್ಲ, ಆದರೆ ಠರಾವು, ಮರುಪಾವತಿಯ ತಾರೀಖು ಮತ್ತು ಅದು ತೀರುವವರೆಗೆ ಪ್ರತಿ ತಿಂಗಳ ವರದಿಯಲ್ಲಿ ಒಂದು ಸಾಲು, ಈ ಮೂರೂ ಇರಬೇಕು.

ಇನ್ನೂ ದೊಡ್ಡ ಗೋಡೆಯೊಂದಿದೆ. ಅದು ಬಂಡವಾಳದ ಲೆಕ್ಕಕ್ಕೂ ದಿನದ ಖರ್ಚಿನ ಲೆಕ್ಕಕ್ಕೂ ನಡುವಿನದು. ಅದು ಕುಸಿದರೆ ಏನಾಗುತ್ತದೆಂಬುದನ್ನು ನ್ಯೂಯಾರ್ಕ್ ನಗರ 1975ರಲ್ಲಿ ತೋರಿಸಿತು. ಸಣ್ಣ ನಗರದ ಮಾತಿನ ನಡುವೆ ಅದನ್ನು ತರುವುದು ಆನೆಯನ್ನು ತಕ್ಕಡಿಗೆ ಹತ್ತಿಸಿದಂತೆ, ಆದರೂ ರೋಗ ಒಂದೇ. ಕಟ್ಟಡ, ಸೇತುವೆಗಳಿಗೆಂದು ಎತ್ತಿದ ದೀರ್ಘಾವಧಿ ಸಾಲದಲ್ಲಿ ವರ್ಷ ವರ್ಷದ ನಿರ್ವಹಣಾ ಖರ್ಚುಗಳನ್ನು ಸೇರಿಸುತ್ತ ಬಂದು, ಬಾರದ ಆದಾಯವನ್ನು ಬರಲಿದೆಯೆಂದು ತೋರಿಸಿ ಅಲ್ಪಾವಧಿ ಸಾಲ ಎತ್ತುತ್ತ ಹೋದ ನಗರಕ್ಕೆ, ಆ ವರ್ಷ ಬ್ಯಾಂಕುಗಳು ಇನ್ನು ಸಾಲವಿಲ್ಲ ಎಂದವು. ತಮ್ಮ ವರದಿಯಲ್ಲಿ ಬೀದಿದೀಪದ ಬಲ್ಬುಗಳೋ ಗುಂಡಿ ಮುಚ್ಚಿದ ಕೂಲಿಯೋ ಬಂಡವಾಳ ಕಾಮಗಾರಿಯ ಶೀರ್ಷಿಕೆಯಲ್ಲಿ ಕಂಡರೆ ಅಲ್ಲಿಯೇ ತಡೆಯಿರಿ.

ಪ್ರಶ್ನೆ: ಅಗ್ನಿಶಾಮಕ ದಳ ಕರೆ ಬಂದ ಸರಾಸರಿ ಆರು ನಿಮಿಷದಲ್ಲಿ ಸ್ಥಳ ತಲುಪಿತು ಎಂದು ವರದಿಯಲ್ಲಿದೆ. ನಮ್ಮ ಬಡಾವಣೆಗೆ ಅದು ಬಂದದ್ದು ಇಪ್ಪತ್ತು ನಿಮಿಷಕ್ಕೆ. ವರದಿ ಸುಳ್ಳೇ?

ಉತ್ತರ: ಸುಳ್ಳಾಗಬೇಕಿಲ್ಲ. ಠಾಣೆಯ ಸುತ್ತಮುತ್ತಲಿನ ಹತ್ತು ಕರೆಗಳಿಗೆ ನಾಲ್ಕೂವರೆ ನಿಮಿಷ, ತಮ್ಮ ಒಂದು ಕರೆಗೆ ಇಪ್ಪತ್ತು ನಿಮಿಷ ಹಿಡಿದಿದ್ದರೆ ಸರಾಸರಿ ಆರಕ್ಕೂ ಕೆಳಗೇ ನಿಲ್ಲುತ್ತದೆ. ನೂರಕ್ಕೆ ತೊಂಬತ್ತು ಕರೆಗಳಿಗೆ ಎಷ್ಟು ನಿಮಿಷದೊಳಗೆ ತಲುಪಿದರು ಎಂದು ಕೇಳುವುದು ಆ ವೃತ್ತಿಯವರ ರೂಢಿ, ಬಡಾವಣೆವಾರು ಕೇಳಿದರೆ ಇನ್ನೂ ಒಳ್ಳೆಯದು. ನಿಮಿಷಗಳ ಎಣಿಕೆ ಕರೆ ಸ್ವೀಕರಿಸಿದಾಗಿನಿಂದಲೋ, ವಾಹನ ಹೊರಟಾಗಿನಿಂದಲೋ ಎಂಬುದನ್ನೂ ಕೇಳಿಕೊಳ್ಳಿ.

ಪ್ರಶ್ನೆ: ಬಂದ ದೂರುಗಳಲ್ಲಿ ಶೇಕಡಾ 98 ಇತ್ಯರ್ಥ ಎಂದು ಪ್ರತಿ ತಿಂಗಳೂ ಬರುತ್ತದೆ. ನಂಬಬಹುದೇ?

ಉತ್ತರ: ಇತ್ಯರ್ಥ ಎಂಬುದನ್ನು ಬರೆಯುವವರು ಯಾರೆಂದು ಕೇಳಿ. ದೂರಿತ್ತವರು ಒಪ್ಪಿದ ಮೇಲೆ ಮುಚ್ಚಿದ್ದೋ, ಸಂಬಂಧಪಟ್ಟ ಶಾಖೆಗೆ ಕಳುಹಿಸಿ ಮುಚ್ಚಿದ್ದೋ? ಒಂದೇ ಕಂಬದ ದೀಪದ ಬಗ್ಗೆ ಮೂರು ತಿಂಗಳಲ್ಲಿ ನಾಲ್ಕು ದೂರು ಬಂದಿದ್ದರೆ ವರದಿಯಲ್ಲಿ ಅದು ನಾಲ್ಕು ಇತ್ಯರ್ಥಗಳಾಗಿ ಎಣಿಕೆಯಾಗಿರುತ್ತದೆ.

ಪ್ರಶ್ನೆ: ಕಳೆದ ತಿಂಗಳ ವರದಿಯಲ್ಲಿದ್ದ ಅದೇ ತಿಂಗಳ ತೆರಿಗೆ ವಸೂಲಿಯ ಅಂಕಿ ಈ ತಿಂಗಳ ವರದಿಯಲ್ಲಿ ಬೇರೆಯಾಗಿದೆ. ಕೇಳಿದರೆ ಸರಿಪಡಿಸಲಾಗಿದೆ ಎನ್ನುತ್ತಾರೆ.

ಉತ್ತರ: ಸರಿಪಡಿಸುವುದು ತಪ್ಪಲ್ಲ. ತಿಂಗಳ ಕೊನೆಯ ದಿನ ಬ್ಯಾಂಕಿಗೆ ಕಟ್ಟಿದ ಹಣದ ಚಲನ್ ಕಚೇರಿಗೆ ತಲುಪಲು ದಿನಗಳು ಹಿಡಿಯುತ್ತವೆ, ಚೆಕ್ಕು ಅಮಾನ್ಯವಾಗಿ ಹಿಂದಿರುಗುತ್ತದೆ, ನೀರಿನ ಶುಲ್ಕ ತಪ್ಪಿ ಆಸ್ತಿ ತೆರಿಗೆಯ ಶೀರ್ಷಿಕೆಗೆ ಜಮಾ ಆಗಿರುತ್ತದೆ. ವೆನಿಸ್ಸಿನಲ್ಲಿ 1494ರಲ್ಲಿ ಅಚ್ಚಾದ ಲೂಕಾ ಪಾಚೋಲಿಯ ಗ್ರಂಥದಲ್ಲಿ ಪ್ರತಿ ವ್ಯವಹಾರವನ್ನೂ ಎರಡು ಕಡೆ ಬರೆಯುವ ಜೋಡಿ ನಮೂದಿನ ಪದ್ಧತಿಯನ್ನು ವಿವರಿಸಿದ ದಿನದಿಂದಲೂ, ತಪ್ಪಿದ ನಮೂದನ್ನು ಅಳಿಸದೆ ಎದುರು ನಮೂದಿನಿಂದ ಸರಿದೂಗಿಸಬೇಕೆಂಬುದು ಲೆಕ್ಕ ಬರೆಯುವವರ ನಿಯಮ. ತಮ್ಮ ಕಚೇರಿಯಲ್ಲಿ ಆಗುತ್ತಿರುವ ಲೋಪವೆಂದರೆ ಹಳೆಯ ಅಂಕಿಯನ್ನು ತೆಗೆದು ಅದರ ಜಾಗದಲ್ಲಿ ಹೊಸದನ್ನು ಕೂರಿಸುತ್ತಿರುವುದು. ಹಿಂದಿನ ವರದಿಯ ಮೊತ್ತ, ಹೊಂದಾಣಿಕೆ, ಈಗಿನ ಮೊತ್ತ ಎಂದು ಮೂರು ಅಂಕಣ ಮಾಡಿಸಿ, ಹೊಂದಾಣಿಕೆಯ ಎದುರಿಗೆ ವೋಚರ್ ಸಂಖ್ಯೆ ಬರೆಸಿರಿ. ಅಲ್ಲಿಯವರೆಗೆ ಹಳೆಯ ವರದಿಗಳ ಪ್ರತಿಗಳನ್ನು ತಾವೇ ಜೋಪಾನವಾಗಿ ಇಟ್ಟುಕೊಂಡಿರಿ.